ಮುಂದೇನಾತು?

ಡಿಸೆಂಬರದ ಚಳಿ ಬೆಟಗೇರಿಗೆ ಬರೂದು ನಸುಕಿನ್ಯಾಗ,
ಮಗ್ಗದ ಕುಣಿಯಿಂದ ಏರಿ, ಮೊದಲು ಮೊಣಕಾಲಿಗೆ.
ದವಾಖಾನಿಗೆ ಹತ್ತು ದಿನ ರಜಾ ಹಾಕೇನಿ.
ಕರ್ಚಿಕಾಯಿ ಕರಿಯಾಕ ಅಂತ ಮನಿಯಾಗ ಹೇಳೇನಿ;
ಖರೇ ಹೇಳಬೇಕಂದ್ರ, ಈ ಪುಸ್ತಕಕ್ಕ.

ರಟ್ಟಿನ ಮ್ಯಾಲೆ ಬಿಳೇ ಟೊಪ್ಪಿಗಿ ಹಾಕಿದ ಹುಡುಗಿ,
ಹಿಂದ ಗೋದಿ ಹೊಲ, ಹೊಲದಾಗ ಒಂದು ಕರೀ ಟಾಂಗಾ.
ಹುಬ್ಬಳ್ಳಿ ರದ್ದಿ ಅಂಗಡ್ಯಾಗ ಕಿಲೋ ಲೆಕ್ಕದ ಮ್ಯಾಲೆ ಸಿಕ್ಕದ್ದು,
ಒಳಗ ಯಾರದೋ ಹೆಸರು, ಅರ್ಧ ಅಳಸಿದ್ದು.
ಅಮೇರಿಕಾದಾಗ ಇದ್ದೂ ಕರೆಂಟ್ ಬ್ಯಾಡಂದ ಮಂದಿಯ ಕತಿ.
ಆಮಿಶರು ಅಂತ.

ಇಂಗ್ಲಿಷ್ ಓದಿ ಕನ್ನಡದಾಗ ಹೇಳತೇನಿ
ಅತ್ತಿ ಮಾರ್ಥವ್ವಗ. ಆಕಿ ಕಂಡಿಕಿ ಸುತ್ತಕೋತ ಕೇಳತಾಳ.
ಕ್ವಿಲ್ಟ್ ಅಂದ್ರ ಕೌದಿ. ಅದು ಸುಲಭ ಆತು.
ಒಬ್ಬನ ಕೊಟ್ಟಿಗಿ ಸುಟ್ಟರ ಊರೆಲ್ಲ ಕೂಡಿ
ಒಂದ ದಿನದಾಗ ಎಬ್ಬಿಸಿ ನಿಲ್ಲಸತಾರಲ್ಲ, ಅದು?
"ಮುಯ್ಯಿ ಅನ್ನವಾ," ಅಂದ್ಲು, ದಾರ ಹಲ್ಲಿಲೆ ಕಡದು.
ಹಿಮಕ್ಕ ಮಾತ್ರ ತ್ರಾಸಾತು.
ಜಿನ್ನಿಂಗ್ ಗಿರಣಿ ಮುಂದ ಹಾರೂ ಅರಳಿ ಇರತೈತಲ್ಲ,
ಅದನ್ನ ತಣ್ಣಗ ಮಾಡಕೋ ಅಂದೆ.
"ಹಂಗಾರ ಕೆಮ್ಮು ಬರತೈತಿ."
ಬರತೈತಿ, ಅಂದೆ.

ಅಂಗಿಗೆ ಗುಂಡಿ ಹಚ್ಚಂಗಿಲ್ಲಂತ ಅವರು, ಡೌಲು ಆಗತೈತಿ ಅಂತ.
ಅತ್ತಿ ತನ್ನ ಖಣದ ಕುಬಸ ಬಗ್ಗಿ ನೋಡಿಕೊಂಡ್ಲು,
ಐವತ್ತು ವರ್ಷದಿಂದ ಬಿಗದ ಅದ ಗಂಟು.
"ನಾನೂ ಆ ಪೈಕೀನ ಏನು?"

ಕತಿಯಾಗ ಲವೀನಾ ಲಾಟೀನ ಹಚ್ಚತಾಳ, ನೀರು ಸೇದತಾಳ.
ನನಗ ಆ ಪುಟಗೋಳು ಬೆಲ್ಲ.
ಯಾರಿಗೂ ಅವಸರಿಲ್ಲ, ಯಾರ ಕಿಸೇದಾಗೂ ಫೋನು ನಡಗೂದಿಲ್ಲ,
ನಾದಿದ ಹಿಟ್ಟು ಉಬ್ಬೂತನಕ ಮಾತೂ ಕಾಯತೈತಿ.
"ಎಷ್ಟ ಚಂದ ಬಾಳೇ," ಅಂದು ಉಸಿರು ಬಿಟ್ಟೆ.
ಕಂಡಿಕಿ ನಿಂತಿತು.
"ಹದಿನೇಳು ವರ್ಷ ಚಿಮಣಿ ಬೆಳಕಿನ್ಯಾಗ ನೇಯ್ದೇನಿ ನಾನು.
ಎಡಗಣ್ಣು ಅದಕ್ಕ ಕೊಟ್ಟೇನಿ.
ಬ್ಯಾಡ ಅನ್ನಾಕ, ಮೊದಲ ಅದು ಮನೀಗೆ ಬಂದಿರಬೇಕವಾ."

ಎಣ್ಣಿ ಕಾದಿತ್ತು. ಎದ್ದು ಹೋಗಿ
ನಾಕು ಕರ್ಚಿಕಾಯಿ ಬಿಟ್ಟೆ; ಒಂದು ಬಾಯಿ ತಗದು
ಹೂರಣೆಲ್ಲ ಎಣ್ಣಿ ಪಾಲಾತು.
ಪಡಸಾಲಿಯಿಂದ ಆಕೀ ದನಿ:
"ಮುಂದೇನಾತು? ಆ ಟಾಂಗಾ ಮಾಡಾಂವ ಬಂದನೋ ಇಲ್ಲೋ?"

ಸಂಜೀಕ ಫೋನಿನ್ಯಾಗ ಹಾಡು ಹಚ್ಚತೇನಿ,
ನಾಕು ದನಿ, ಗಂಟಿ, ಪಿಟೀಲು, ಎಲ್ಲಾ ಕ್ರಿಸ್ಮಸ್ಸಿನವು.
ಚಂದ ಅದಾವ, ಬೆಣ್ಣಿ ಸವರಿದಂಗ.
ಆದ್ರ ಪುಸ್ತಕದ ಮಂದಿ ಪೆಟ್ಟಿಗಿ ಇಲ್ಲದ ಹಾಡತಾರ,
ಎಲ್ಲಾರದೂ ಒಂದ ದನಿ, ಒಂದು ಅಕ್ಷರಕ್ಕ ಒಂದು ಉಸಿರು,
ಒಂದ ಹಾಡು ಮುಗಿಯೂದ್ರಾಗ ಇಪ್ಪತ್ತು ನಿಮಿಷ.
"ಅದನ್ನ ಹಚ್ಚು," ಅಂದ್ಲು ಅತ್ತಿ.
ನೆಟ್ಟು ತಿರಗಿತು, ತಿರಗಿತು, ನಿಂತಿತು.

ಆಕೀನ ಸುರು ಮಾಡಿದ್ಲು.
ಅವರಪ್ಪ ಹಾಸು ಹಾಕೂ ಮುಂದ ಹಾಡತಿದ್ದ ಕೀರ್ತನಿ;
ರಾಗ ಯಾವಾಗೋ ಜರ್ಮನಿಯಿಂದ ಬಂದದ್ದು,
ಈಗ ಆ ಊರಾಗ ಅದರ ಗುರುತು ಹತ್ತಲಿಕ್ಕಿಲ್ಲ.
ಮ್ಯಾಲಿನ ಸ್ವರ ಸಿಗಲಿಲ್ಲ. ಬಿಟ್ಟು ಮುಂದಿಂದಕ್ಕ ಹೋದ್ಲು,
ಮುರದ ಮೆಟ್ಟಲಾ ದಾಟಿದಂಗ.
ಬಾಜೂ ಮನಿ ಪವರ್‌ಲೂಮು ಖಟಖಟ ನಡದ ಇತ್ತು.
ಅದೂ ನಿಲ್ಲಲಿಲ್ಲ, ಆಕೀನೂ.

ಇಪ್ಪತ್ತನಾಕರ ರಾತ್ರಿ
ಕ್ಯಾರಲ್ ಹುಡುಗರು ಬಂದು, ಚಹಾ ಕುಡದು,
ಕೀಬೋರ್ಡ್ ಹೊತಗೊಂಡು ಮುಂದಿನ ಓಣಿಗೆ ಹೋದ್ರು.
ಅತ್ತಿ ಸೆರಗು ತಲಿ ಮ್ಯಾಲೆ ಎಳಕೊಂಡು ಪ್ರಾರ್ಥನಾಕ್ಕ ಕುಂತ್ಲು.
ಡಯಾಲಿಸಿಸ್ಸಿನ ಸತ್ಯಣ್ಣ, ಬಾಣಂತಿ ಪ್ರಿಸ್ಕಿಲ್ಲಾ,
ಜಾಮೀನಿಗೆ ಕಾದ ಕೊನೀ ಮನಿ ಹುಡುಗ,
"ಮತ್ತ ಸ್ವಾಮಿ, ಆ ಲವೀನಾ. ತಾಯಿಲ್ಲದ ಕೂಸು.
ಆಕೀ ಮನಸು ಎರಡಾಗೈತಿ. ನೀನ ನೋಡು."

ನನ್ನ ಗಂಡ ಒಂದು ಕಣ್ಣು ತಗದು ನನ್ನ ಕಡೆ ನೋಡಿದ: ಯಾರಿಕಿ?

ಅತ್ತೀ ಲೆಕ್ಕಕ್ಕ ಇನ್ನೂ ಅರವತ್ತು ಪುಟ ಉಳದಾವ.
ನಾ ನಿನ್ನೆ ರಾತ್ರಿ ಕದ್ದು ಓದಿ ಮುಗಿಸೇನಿ;
ಮದವಿ ಆತೋ ಇಲ್ಲೋ, ಯಾರ ಜೋಡಿ, ಎಲ್ಲಾ ಗೊತ್ತೈತಿ ನನಗ.
ಆದ್ರೂ ಕಣ್ಣು ಗಟ್ಟಿ ಮುಚ್ಚಿ
ಆಮೆನ್ ಅಂದೆ,
ಎಲ್ಲಾರಕಿಂತ ಒಂದೀಟು ಜೋರಾಗಿ.